ಮೊದಲನೇ ಗೇರು

ಕಾರಿಗೆ ಏನೂ ಆಗಿಲ್ಲ ಕಣೋ, ಎಷ್ಟು ಸಲ ಹೇಳಲಿ ನಿನಗೆ? ಅದರ ಅಡಿಯಿಂದ ಈಚೆ ಬಾ ಮೊದಲು. ಊಟ ತಂದಿದೀನಿ, ಆರಿ ಹೋಗ್ತಿದೆ. ನಿನ್ನ ಎರಡು ಕಾಲಿನ ಜೊತೆ ಮಾತಾಡೋಕೆ ಬಂದಿಲ್ಲ ನಾನು... ಮುಖ ತೋರಿಸು. ಬರಲ್ವಾ? ಸರಿ ಬಿಡು. ನಾನೂ ಇಲ್ಲೇ ಕೂತ್ಕೋತೀನಿ, ಈ ಹಳೇ ಟೈರ್ ಮೇಲೆ. ನನಗೇನು ಅವಸರ? ಮನೇಲಿ ಈಗ ಯಾರಿಗೂ ಹೊತ್ತೊತ್ತಿಗೆ ಹಸಿವಾಗಲ್ಲ.

ಇಷ್ಟು ದಿನ ಶೆಡ್ ಕಡೆ ತಲೆ ಹಾಕಿಯೂ ಮಲಗಲಿಲ್ಲ ನೀನು. ನಿಮ್ಮಣ್ಣ ಬಾಗಿಲ ಹತ್ರ ನಿಂತು ಗೋಗರೆದ, ನೀನು ಗೋಡೆ ಕಡೆ ತಿರುಗಿ ಮಲಗಿದೆ. ನಿಮ್ಮತ್ತಿಗೆ ಕರೆದ್ಲು, ಕೇಳಿಸ್ಕೊಳ್ಳಲೇ ಇಲ್ಲ. ಇವತ್ತು, ನಾಳೆ ಬೆಳಗ್ಗೆ ಸ್ಟೇಷನ್‌ಗೆ ಹೋಗಿ ಹೇಳಿಕೆ ಕೊಡಬೇಕು ಅನ್ನೋವಾಗ, ಸೀದಾ ಬಂದು ಈ ಮುದುಕಿ ಹೊಟ್ಟೆ ಕೆಳಗೆ ಮಲಗಿದೀಯ! ಟಾರ್ಚ್ ಬೇರೆ. ಏನು ನೋಡ್ತಿದೀಯ ಅಲ್ಲಿ? ನೋಡೋಕೆ ಏನಿದೆ?

ಏನು, ನಕ್ಕೆಯಾ? ನಕ್ಕ ಹಾಗಾಯ್ತು... ಮುದುಕಿ ಅಂದಿದ್ದಕ್ಕಾ? ನಿಮ್ಮಪ್ಪ ಇಟ್ಟ ಹೆಸರಲ್ವೇನೋ ಅದು! ಹಲ್ಲಿನ ಡಾಕ್ಟರು ಈ ಕಾರು ತಂದು ನಿಲ್ಲಿಸಿದ್ರಲ್ಲ, ನಿಮ್ಮಪ್ಪ ಇಂಜಿನ್ ಸದ್ದು ಕೇಳಿದವರೇ, "ಮುದುಕಿಗೆ ಹದಿನೆಂಟರ ಹೃದಯ ಹಾಕಿಸಿದೀರಿ ಡಾಕ್ಟ್ರೇ, ಪಾಪ ಸೊಂಟ ತಡೀತಾ ಇಲ್ಲ" ಅಂದ್ರು. ಡಾಕ್ಟರಿಗೆ ಮುಖ ಕೆಂಪಾಯ್ತು. ಅವರಪ್ಪನ ಕಾಲದ ಕಾರು, ಅದಕ್ಕೆ ಯಾರ ಹತ್ರಾನೋ ಹೋಗಿ ದೊಡ್ಡ ಇಂಜಿನ್ ಕೂರಿಸ್ಕೊಂಡು ಬಂದಿದ್ರು ಆ ಪುಣ್ಯಾತ್ಮ. ಹಿಂದಿನ ಆಕ್ಸಲ್ ಮಾತ್ರ ಅದೇ ಹಳೇದು, ಕಡ್ಡಿ ಮುರಿದ ಹಾಗೆ ಮುರೀತಿತ್ತು. "ಸಾಮಾನಿನ ವ್ಯಾನಿನ ಆಕ್ಸಲ್ ಹಾಕೋಣ, ಮೇಲೆ ಆನೆ ಕುಣಿದ್ರೂ ಏನೂ ಆಗಲ್ಲ" ಅಂದ ನಿಮ್ಮಣ್ಣ. ಎಷ್ಟು ಖುಷಿಯಲ್ಲಿದ್ರಿ ಮೂರು ಜನಾನೂ! ನನಗೆ ಸೀಟು ಹೊಲಿಯೋ ಕೆಲಸ. ಅಗೋ, ಹಿಂದಿನ ಸೀಟು ಅರ್ಧ ಹೊಲಿದದ್ದು ಹಾಗೇ ಬಿದ್ದಿದೆ. ಆವತ್ತು ಕೂಗು ಕೇಳಿ ಸೂಜಿ ಅಲ್ಲೇ ಚುಚ್ಚಿ ಎದ್ದವಳು... ಆಮೇಲೆ ಮುಟ್ಟಿಲ್ಲ.

ಹೋಗಲಿ ಬಿಡು. ಅದನ್ನ ಮಾತಾಡೋದು ಬೇಡ. ನಾಳೆದು ಮಾತಾಡೋಣ. ವಕೀಲರು ಹೇಳಿಕೊಟ್ಟಿದ್ದು ನೆನಪಿದೆ ತಾನೆ? "ಮೊದಲನೇ ಗೇರು ಅಂದ್ಕೊಂಡು ರಿವರ್ಸ್ ಹಾಕಿಬಿಟ್ಟೆ." ಅಷ್ಟೇ. ಜಾಸ್ತಿ ಮಾತು ಬೇಡ. ಹಳೇ ಕಾರು, ಮೊದಲನೇದೂ ರಿವರ್ಸೂ ಪಕ್ಕಪಕ್ಕದಲ್ಲೇ ಇವೆ, ಯಾರ ಕೈಯಾದ್ರೂ ತಪ್ಪುತ್ತೆ. ಬೇಕು ಅಂತ ಮಾಡಿದ್ದಲ್ಲ ಅಂತ ಅವರಿಗೂ ಗೊತ್ತು. ಸತ್ತವರು ನಿನ್ನ ಸ್ವಂತ ಅಪ್ಪ, ಅವರಿಗೂ ಕರುಳು ಅನ್ನೋದು ಇರಲ್ವಾ? ಲೈಸೆನ್ಸ್ ಹೋಗುತ್ತೆ. ಹೋಗಲಿ. ಸ್ವಲ್ಪ ದಿನ ಒಳಗಿರಬೇಕಾದ್ರೂ... ಇರಬೇಕಾಗುತ್ತೆ. ನಾನು ಬರ್ತೀನಿ ನೋಡೋಕೆ, ವಾರ ವಾರ ಬರ್ತೀನಿ.

ಯಾಕೋ ಕಾಲು ಎಳ್ಕೊಂಡೆ? ನಾನು ಮುಟ್ಟಲಿಲ್ಲಪ್ಪ. ಚಪ್ಪಲಿ ಸರಿ ಮಾಡೋಣ ಅಂತ ಅಷ್ಟೇ.

ನಿಮ್ಮಪ್ಪಂದೂ ತಪ್ಪಿದೆ, ಹೇಳ್ತೀನಿ ಕೇಳು. ಆ ಮನುಷ್ಯನಿಗೆ ಎಷ್ಟು ಸಲ ಹೇಳಿದೀನಿ! ರಿಪೇರಿ ಆದ ಗಾಡಿ ಮೊದಲ ಸಲ ಆಚೆ ಹೊರಡೋವಾಗ ಹಿಂದೆ ನಿಂತು ಡಿಕ್ಕಿ ಮೇಲೆ ಕೈ ಇಟ್ಕೊಂಡು, ಕಿವಿ ಕೆಳಗೆ ಮಾಡ್ಕೊಂಡು, ಅದರ ಜೊತೆ ನಡೀಬೇಕು ಅವರಿಗೆ. ಆಕ್ಸಲ್ ಅಳುತ್ತಾ ಹಾಡುತ್ತಾ ಕೇಳಬೇಕು ಅಂತ! ಸ್ಟೀರಿಂಗ್‌ಗೆ ಯಾವಾಗಲೂ ನೀನೇ ಬೇಕು. "ದೊಡ್ಡವನದು ಕಬ್ಬಿಣದ ಕಾಲು, ಚಿಕ್ಕವನದು ಹೂವಿನ ಕಾಲು" ಅನ್ನೋರು. ಮುಂದಕ್ಕೆ ಹೋಗೋ ಗಾಡಿ ಹಿಂದೆ ನಿಂತ್ರೆ ಏನು ಭಯ, ಹೇಳು? ಯಾರಿಗೂ ಭಯ ಇರಲಿಲ್ಲ. ಅವರ ಬೆನ್ನ ಹಿಂದೆ ಆ ಕಬ್ಬಿಣದ ಮೇಜಿತ್ತು... ಅದನ್ನ ತೆಗೆದು ಆಚೆ ಹಾಕು ಅಂದಿದೀನಿ ನಿಮ್ಮಣ್ಣಂಗೆ. ಇನ್ನೂ ಹಾಕಿಲ್ಲ.

ನೀನು ಆಸ್ಪತ್ರೆ ಮೆಟ್ಟಿಲ ಮೇಲೆ ಒಂದೇ ಒಂದು ಮಾತು ಹೇಳ್ದೆ. "ಅಮ್ಮಾ, ನಾನು ಮೊದಲನೇ ಗೇರೇ ಹಾಕಿದ್ದೆ." ನಾನೇನಂದೆ? ಗಾಬರಿಯಲ್ಲಿ ಹಾಗನ್ಸುತ್ತೆ ಮಗ, ಕೈ ತಪ್ಪಿರುತ್ತೆ ಅಂದೆ. ಆವಾಗ ನಿಜವಾಗಲೂ ಹಾಗೇ ಅಂದ್ಕೊಂಡಿದ್ದೆ ನಾನು. ದೇವರಾಣೆಗೂ, ಆವಾಗ...

ಆವಾಗ ಅಂದ್ರೆ... ಈಗಲೂ ಅಷ್ಟೇ. ಮಾತಿಗೆ ಹೇಳ್ದೆ. ಗಾಡಿ ಇನ್ಸ್‌ಪೆಕ್ಟರು ಬಂದು ನೋಡಿದ್ರಲ್ಲ! ಅವರೇ ಕೂತು ಓಡಿಸಿದ್ರು. ಮೊದಲನೇ ಗೇರಲ್ಲಿ ಮುಂದೆ ಹೋಯ್ತು, ರಿವರ್ಸಲ್ಲಿ ಹಿಂದೆ ಬಂತು. "ಗಾಡಿಯಲ್ಲಿ ದೋಷ ಇಲ್ಲಮ್ಮ, ಓಡಿಸಿದವರದು" ಅಂದ್ರು. ಇನ್ನೇನು ಬೇಕು? ಅಷ್ಟು ಓದಿದವರು ಹೇಳಿದ್ಮೇಲೆ ನೀನು ಅಡಿಯಲ್ಲಿ ಮಲಗಿ ಏನು ಕಂಡುಹಿಡೀತೀಯ?

ಏನಾದ್ರೂ ಮಾತಾಡೋ. ಹೂಂ ಅನ್ನು, ಊಹೂಂ ಅನ್ನು.

ಬಣ್ಣ ಹೊಸದಾಗಿದೆ ಅಂತಾನಾ? ಬೇರೆ ಗಾಡಿಯಿಂದ ತಂದ ಆಕ್ಸಲ್‌ಗೆ ಹೊಸ ಬಣ್ಣ ಹೊಡೆಯದೆ ಇರ್ತಾರಾ? ತುಕ್ಕು ಹಿಡಿಯಲ್ವಾ? ಕತ್ತರಿಸಿದ ಗುರುತು ಇದ್ರೂ ಇರುತ್ತೆ. ವೆಲ್ಡಿಂಗು ಮೇಲೊಂದು ಕೆಳಗೊಂದು ಇದ್ರೂ... ನಿಮ್ಮಣ್ಣ ಮೊದಲು ಒಂದು ಕಡೆ ಹಾಕಿರ್ತಾನೆ, ಸರಿಹೋಗಿರಲ್ಲ, ಇನ್ನೊಂದು ಕಡೆ ಹಾಕಿರ್ತಾನೆ. ಅದರಲ್ಲೇನಿದೆ?

...ನೀನು ಕೇಳಲೇ ಇಲ್ಲ ಅಲ್ವಾ ಅದನ್ನ? ವೆಲ್ಡಿಂಗ್ ವಿಷಯ ನೀನು ಎತ್ತಲೇ ಇಲ್ಲ.

ನಾನು ಸೀಟು ಹೊಲಿಯೋಳು. ಕಾರಿನ ಅಡಿಯಲ್ಲಿ ಎಲ್ಲಿ ವೆಲ್ಡಿಂಗ್ ಇದೆ ಅಂತ ನನಗೆ ಹೇಗೆ ಗೊತ್ತು ಅಂತ ಯೋಚನೆ ಮಾಡ್ತಿದೀಯ. ಮಾಡ್ತಿದೀಯ, ನನಗೆ ಗೊತ್ತು. ಚಿಕ್ಕವನಿದ್ದಾಗಲೂ ಹೀಗೇ ನೀನು. ಒಂದೇಟು ಹಾಕಿದ್ರೆ ಅಳ್ತಿರಲಿಲ್ಲ, ಸುಮ್ಮನೆ ನೋಡ್ತಾ ನಿಲ್ತಿದ್ದೆ. ಹೊಡೆದವಳಿಗೇ ಅಳು ಬರೋದು.

ಸರಿ, ಹೇಳ್ತೀನಿ. ಇಲ್ಲಾಂದ್ರೆ ನನ್ನ ಎದೆ ಒಡೆದು ಹೋಗುತ್ತೆ. ಲೈಟ್ ಹಿಡಿದವಳು ನಾನೇ. ಆಯ್ತಾ? ನಾನೇ ಹಿಡಿದಿದ್ದು.

ನಿನ್ನನ್ನ ಸ್ಟೇಷನ್‌ನಲ್ಲಿ ಕೂರಿಸ್ಕೊಂಡಿದ್ರಲ್ಲ, ಆವತ್ತು ರಾತ್ರಿ ನಿಮ್ಮಣ್ಣ ಬಂದು ಅಡುಗೆಮನೆ ಬಾಗಿಲು ಹಾಕ್ಕೊಂಡು ನೆಲಕ್ಕೆ ಕೂತ. "ಅಮ್ಮಾ, ಗೇರು ತಪ್ಪಿಲ್ಲ, ಆಕ್ಸಲ್ ತಪ್ಪು. ತಲೆಕೆಳಗಾಗಿ ಕೂರಿಸಿದೀನಿ" ಅಂದ. ನನಗೆಲ್ಲಿ ಅರ್ಥ ಆಗ್ಬೇಕು? ಚಪಾತಿ ಮಣೆ ಮೇಲೆ ಲಟ್ಟಣಿಗೆ ಇಟ್ಟು ತೋರಿಸಿದ. ಇಂಜಿನ್ನಿಂದ ಶಾಫ್ಟು ಬಂದು ಸೇರೋ ಮೂತಿ ಆ ವ್ಯಾನಿನದು ಒಂದು ಪಕ್ಕಕ್ಕಿತ್ತಂತೆ, ಮುದುಕಿದು ಇನ್ನೊಂದು ಪಕ್ಕಕ್ಕೆ. ಮಗುಚಿ ಹಾಕಿದ್ರೆ ಎದುರುಬದುರು ನೇರ ಬರುತ್ತೆ ಅಂತ ಮಗುಚಿದ್ನಂತೆ. ಹೇಗಿದ್ರೂ ಸ್ಪ್ರಿಂಗ್ ಕೂರೋ ಪಟ್ಟಿ ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕಿತ್ತು, ಯಾವ ಕಡೆ ಮಾಡಿದ್ರೇನು ಅಂತ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಕೊಂಡಿದ್ನಂತೆ! ಮಗುಚಿದ್ರೆ ಚಕ್ರ ಉಲ್ಟಾ ತಿರುಗುತ್ತೆ ಅಂತ ಹೊಳೀಲೇ ಇಲ್ಲ ಅವನಿಗೆ. ಮೊದಲನೇ ಗೇರು ಹಾಕಿದ್ರೆ ಹಿಂದಕ್ಕೆ ಹೋಗುತ್ತೆ ಅಂತ... ಜಾಕ್ ಮೇಲೆ ಎತ್ತಿ ತಿರುಗಿಸಿಯೂ ನೋಡಿದ್ರಿ, ನಿಮ್ಮಪ್ಪಾನೂ ಇದ್ರು. ಎಲ್ಲರೂ ಕಣ್ಣು ಮುಚ್ಚಿ ಸದ್ದು ಕೇಳ್ತಾ ನಿಂತಿದ್ರಿ. ಯಾವ ಕಡೆ ತಿರುಗ್ತಿದೆ ಅಂತ ಒಬ್ಬರಾದ್ರೂ ನೋಡಬಾರದಾ!

ಬೆಳಗಾದ್ರೆ ಇನ್ಸ್‌ಪೆಕ್ಟರು ಬರೋರಿದ್ರು. ಅಷ್ಟರೊಳಗೆ ತಿರುಗಿಸಿ ಹಾಕಬೇಕು. ನಿಮ್ಮಪ್ಪ ಆಸ್ಪತ್ರೆಯ ತಣ್ಣನೆ ಕೋಣೇಲಿ ಮಲಗಿದ್ರು, ನಾನಿಲ್ಲಿ ನೆಲದ ಮೇಲೆ ಮಂಡಿಯೂರಿ ಲೈಟ್ ಹಿಡ್ಕೊಂಡಿದ್ದೆ. ಅವನು ಅಳ್ತಾ ಕತ್ತರಿಸ್ದ, ಅಳ್ತಾ ವೆಲ್ಡ್ ಮಾಡ್ದ. ನಾನು ಅಳಲಿಲ್ಲ. ನನ್ನ ಕೈ ಅಲ್ಲಾಡ್ಲಿಲ್ಲ ಅಂದ್ರೆ ನಂಬ್ತೀಯಾ? ನನಗೇ ನನ್ನ ಕಂಡ್ರೆ ಹೆದರಿಕೆಯಾಯ್ತು.

"ನಿಜ ಹೇಳಿಬಿಡ್ತೀನಿ ಅಮ್ಮಾ" ಅಂತ ಅವನು ಅಂದ. ಬೇಡ ಅಂದವಳು ನಾನು. ಅವನ ಮೇಲೆ ಸಿಟ್ಟಾಗಬೇಡ, ನನ್ನ ಮೇಲೆ ಆಗು. ಎರಡು ಹೆಣ್ಣು ಮಕ್ಕಳಿವೆ ಅವನಿಗೆ. ಚಿಕ್ಕದಕ್ಕೆ ಇನ್ನೂ ಹಲ್ಲು ಬಂದಿಲ್ಲ. ಮೆಕ್ಯಾನಿಕ್ ಕೆಲಸದಲ್ಲೇ ತಪ್ಪು ಮಾಡ್ದ, ಅಪ್ಪನ್ನೇ ಕೊಂದ ಅಂದ್ರೆ ಈ ಶೆಡ್‌ಗೆ ಯಾರು ಗಾಡಿ ತರ್ತಾರೆ? ಗೇರು ತಪ್ಪೋದು ಬೇರೆ... ಯಾರಿಗಾದ್ರೂ ತಪ್ಪುತ್ತೆ. ನೀನು ಒಂಟಿ. ಹೆಂಡತಿಯಿಲ್ಲ, ಮಕ್ಕಳಿಲ್ಲ. ತಡ್ಕೋತಾನೆ ಅಂದ್ಕೊಂಡೆ. ಇವನಿಗೆ ಯಾರಿದ್ದಾರೆ, ಇವನು ತಡ್ಕೋತಾನೆ ಅಂತ. ನಾನಿದ್ದೆ ಅನ್ನೋದು ಆವಾಗ ತಲೆಗೇ ಬರಲಿಲ್ಲ ಕಣೋ ನನಗೆ.

ಬೈಯೋ. ಕೂಗಾಡು. ಕೈಗೆ ಸಿಕ್ಕಿದ್ದು ತಗೊಂಡು ಎಸಿ...

ಬಂದೆಯಾ ಈಚೆಗೆ? ಮುಖವೆಲ್ಲಾ ಗ್ರೀಸು... ಇರು, ಸೆರಗಲ್ಲಿ ಒರೆಸ್ತೀನಿ. ಸರಿ, ಬೇಡ. ಮುಟ್ಟಲ್ಲ. ಕೈಯಲ್ಲೇನದು? ಸ್ಪ್ಯಾನರೇ? ಏನು ಬಿಚ್ಚುತ್ತಿದ್ದೆ?

ಬಿಚ್ಚುತ್ತಿರಲಿಲ್ವಾ?

...ಬಿಗಿ ಮಾಡ್ತಿದ್ದೆಯಾ? ನಿಮ್ಮಣ್ಣ ಆವತ್ತು ಅವಸರದಲ್ಲಿ ಸಡಿಲ ಬಿಟ್ಟಿದ್ನಾ? ಅದನ್ನ ಬಿಗಿ ಮಾಡೋಕೆ ಬಂದ್ಯಾ ನೀನು? ಡಾಕ್ಟರು ನಾಡಿದ್ದು ಕಾರು ತಗೊಂಡು ಹೋಗ್ತಾರೆ, ದಾರೀಲಿ ಏನಾದ್ರೂ ಆದೀತು ಅಂತ?

ಹಾಗಾದ್ರೆ ನಿನಗೆ ಗೊತ್ತಿತ್ತು. ಇವತ್ತಲ್ಲ... ಮೊದಲಿಂದಾನೂ ಗೊತ್ತಿತ್ತು. ಗೊತ್ತಿರದೆ ಏನು! ಗೇರು ಹಿಡಿದಿದ್ದ ಕೈ ನಿಂದು. ಮೊದಲನೇದರಲ್ಲಿ ಇದ್ದ ಕಾರು ಹಿಂದಕ್ಕೆ ಹಾರಿದ್ರೆ ಏನಾಗಿದೆ ಅಂತ ಮೆಕ್ಯಾನಿಕ್‌ಗೆ ಹೇಳಿಕೊಡಬೇಕಾ? ಗೊತ್ತಿದ್ದೂ ಒಂದು ಮಾತು ಆಡ್ಲಿಲ್ಲ. ಅಣ್ಣನಿಗೂ ಹೇಳ್ಲಿಲ್ಲ, ವಕೀಲರಿಗೂ ಹೇಳ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದೆ. ನಾನು ದಿನಾ ಬಂದು ಹಾಸಿಗೆ ಅಂಚಲ್ಲಿ ಕೂತು, ತಲೆ ಸವರಿ, ಕೈ ತಪ್ಪಿತು ಮಗ, ಯಾರಿಗಾದ್ರೂ ತಪ್ಪುತ್ತೆ ಅಂತಿದ್ದೆ. ಅದನ್ನ ಕೇಳ್ತಾ ಮಲಗಿದ್ದೆ ನೀನು...

ಒಂದೇ ರಾತ್ರೀಲಿ ಅಣ್ಣ ಒಬ್ಬನೇ ಅದನ್ನ ತಿರುಗಿಸಿರಲ್ಲ, ಅಮ್ಮಂಗೂ ಗೊತ್ತು, ಇವತ್ತು ಹೇಳ್ತಾಳಾ, ನಾಳೆ ಹೇಳ್ತಾಳಾ ಅಂತ ಕಾಯ್ತಿದ್ದೆಯಾ? ನನಗೋಸ್ಕರ?

ಯಾಕೆ ಆ ಕಡೆ ನೋಡ್ತೀಯ? ನನ್ನ ನೋಡು. ನಾಳೆ ಸ್ಟೇಷನ್‌ನಲ್ಲಿ ಏನು ಹೇಳ್ತೀಯ? ನಿಜ ಹೇಳಿಬಿಡು, ನಾನು ಬೇಡ ಅನ್ನಲ್ಲ. ನಾನೂ ಬರ್ತೀನಿ, ಲೈಟ್ ಹಿಡಿದಿದ್ದು ನಾನೇ ಅಂತ ಹೇಳ್ತೀನಿ. ತಲೆ ಅಲ್ಲಾಡಿಸ್ತೀಯಾ? ಹೇಳಲ್ವಾ? ರಿವರ್ಸ್ ಅಂತಾನೇ ಹೇಳ್ತೀಯಾ? ಅಣ್ಣನ ಮಕ್ಕಳಿಗೋಸ್ಕರ... ಆಯ್ತು. ಆಯ್ತಪ್ಪ. ನಾನು ಕೇಳಿದ್ದೂ ಅದನ್ನೇ ಅಲ್ವಾ.

ಆಮೇಲೆ? ಎಲ್ಲಾ ಮುಗಿದ್ಮೇಲೆ, ಅವರು ಬಿಟ್ಮೇಲೆ... ಮನೆಗೆ ಬರ್ತೀಯ ತಾನೆ?

ಕೈ ಆಮೇಲೆ ಒರೆಸ್ಕೋ, ಇಲ್ಲಿ ನೋಡು. ಒಂದೇ ಮಾತು ಕೇಳ್ತಿರೋದು. ಮನೆಗೆ ಬರ್ತೀಯ ತಾನೆ?