ಹೆಸರು ಕೆರೆದ ರೆಕಾರ್ಡು

ಆ ದೀಪ ಸ್ವಲ್ಪ ಸಣ್ಣದು ಮಾಡು. ಹಾಂ... ಸಾಕು.

ಇದು ನನ್ನ ಚಿಕ್ಕಮ್ಮನ ಮಗ ಲಾಂಜೊಗೆ ಆದದ್ದು. ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ ಒಂದು ಪಾಳು ಚರ್ಚು, ಅದರ ಪಕ್ಕದಲ್ಲಿ ಇಟ್ಟಿಗೆ ಬಾವಿ. ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಮಣ್ಣುದಾರಿ ಕೆಸರಾಗಿದೆ ಅಂತ ಕಾರನ್ನ ಡಾಂಬರು ರಸ್ತೆಯಲ್ಲೇ ಬಿಟ್ಟು ಬಂದಿದ್ದ. ಈಗ ಕಾರಿನ ಕಡೆ ಒಬ್ಬನೇ ವಾಪಸ್ಸು ಹೋಗ್ತಿದ್ದ. ಅಂಗಿಯೊಳಗೆ, ಎದೆಗೆ ಒತ್ತಿಕೊಂಡು, ಒಂದು ರೆಕಾರ್ಡು.

ಹಿಂದೆ ಸದ್ದು ಕೇಳಿಸ್ತು. ಚಪ್... ಚಪ್... ನೆಂದ ಬೂಟಿನ ಸದ್ದು.

ತಾಳಿ, ಹೆದರೋಕೆ ಇನ್ನೂ ಹೊತ್ತಿದೆ. ಮೊದಲು ಆ ರೆಕಾರ್ಡಿನ ವಿಷಯ ಹೇಳ್ತೀನಿ.

ಲಾಂಜೊ ಹಳೇ ಸೋಲ್ ಹಾಡಿನ, ಅಂದ್ರೆ ಕಪ್ಪು ಜನರ ಎದೆಯಾಳದ ಹಾಡಿನ, ರೆಕಾರ್ಡು ಹುಡುಕೋನು. ಸತ್ತವರ ಮನೆ ಅಟ್ಟ, ಮುಚ್ಚಿದ ಅಂಗಡಿ, ಎಲ್ಲಿ ಧೂಳಿದೆಯೋ ಅಲ್ಲಿ ಇವನ ಮೂಗು. ಶನಿವಾರ ರಾತ್ರಿ ಮೆಂಫಿಸ್‌ನ ಕ್ಲಬ್ಬುಗಳಲ್ಲಿ ಅವನ್ನ ಹಾಕಿ ಜನರನ್ನ ಕುಣಿಸ್ತಿದ್ದ. ಬೇರೆ ಯಾರ ಹತ್ರಾನೂ ಇಲ್ಲದ ಹಾಡು ತನ್ನ ಹತ್ರ ಮಾತ್ರ ಇರಬೇಕು... ಅದೊಂದೇ ಹುಚ್ಚು. ಹೆಂಡತಿ ಮನೆ ಬಿಟ್ಟು ಹೋದದ್ದು ಗೊತ್ತಾಗೋಕೆ ಪುಣ್ಯಾತ್ಮನಿಗೆ ವಾರ ಬೇಕಾಯ್ತು. ಮೊಣಕೈ ಕೆಳಗೆ ದೊಡ್ಡ ಹಚ್ಚೆ ಬೇರೆ. ದುಂಡಗೆ ರೆಕಾರ್ಡಿನ ಚಿತ್ರ, ನಡುವೆ ತನ್ನ ಹೆಸರು.

ಒಂದ್ಸಲ ಅವನಿಗೆ ವರ್ಡೀ ಗಾಸೆಟ್ ಅನ್ನೋಳ ರೆಕಾರ್ಡು ಸಿಕ್ತು. ಯಾರೂ ಕೇಳಿರದ ಹೆಸರು. ಆದ್ರೆ ದನಿ... ಅಯ್ಯೋ, ಏನು ದನಿ ಅದು! ನಾನು ಸೌಟು ಕೈಯಲ್ಲಿ ಹಿಡ್ಕೊಂಡೇ ಅತ್ತುಬಿಟ್ಟೆ.

ಈ ಕಸುಬಿನವರಿಗೆ ಒಂದು ಕೆಟ್ಟ ಚಾಳಿ. ಎದುರಾಳಿ ಯಾರಾದ್ರೂ ಇಣುಕಿ ಹೆಸರು ಓದ್ಕೊಂಡು, ಇನ್ನೊಂದು ಪ್ರತಿ ಹುಡುಕಿಬಿಟ್ರೆ? ಅದಕ್ಕೇ ರೆಕಾರ್ಡಿನ ನಡುವೆ ಹಾಡಿದವರ ಹೆಸರಿರೋ ಚೀಟೀನ ನೆನೆಸಿ ಕಿತ್ತುಹಾಕ್ತಾರೆ. ಲಾಂಜೊನೂ ಅದನ್ನೇ ಮಾಡ್ದ. ನನ್ನ ಅಡುಗೆಮನೆ ಸಿಂಕಿನಲ್ಲೇ. ಬ್ಲೇಡು ಹಿಡಿದು ಸರ್ರ್... ಸರ್ರ್... ಅಂತ ನೆಂದ ಕಾಗದ ಕೆರೆದ. ಮೇಲೆ ಬಿಳೀ ಕಾಗದ ಅಂಟಿಸಿ ಸುಳ್ಳು ಹೆಸರು ಬರೆದ. ಡಾಟಿ ಲಾರ್ಕ್.

"ಅವಳ ಹೆಸರು ಯಾಕೋ ಅಳಿಸ್ತೀಯ, ಪಾಪಿ?" ಅಂದೆ.

"ನಿಂಗೆ ಗೊತ್ತಾಗಲ್ಲ, ಸುಮ್ನಿರೇ ಅಕ್ಕಾ. ಹಾಡು ಇದೆಯಲ್ಲ, ಸಾಕು."

ಎರಡು ವರ್ಷ ಮೆಂಫಿಸ್‌ನ ಜನ ಡಾಟಿ ಲಾರ್ಕ್, ಡಾಟಿ ಲಾರ್ಕ್ ಅಂತ ಕೂಗಿ ಕುಣಿದ್ರು. ಇವನ ಆಸೆ ಬೆಳೀತು. ಅವಳದ್ದು ಇನ್ನೂ ಹಾಡುಗಳು ಎಲ್ಲಾದ್ರೂ ಬಿದ್ದಿರಬಹುದು ಅಂತ ಜಾಡು ಹಿಡ್ಕೊಂಡು ಹೊರಟ. ಸಿಕ್ಕಿದ್ದು ವರ್ಡೀಯ ತಂಗಿ, ಓಜೆಲ್ಲಾ. ಹಣ್ಣು ಹಣ್ಣು ಮುದುಕಿ. ಆ ಬಾವಿಯಿಂದ ಸ್ವಲ್ಪ ದೂರದಲ್ಲೇ ಮನೆ.

ಮುದುಕಿ ಇವನನ್ನ ಕೂರಿಸಿ, ಬಡಿಸಿ, ಅಕ್ಕನ ಕತೆ ಹೇಳಿದಳಂತೆ. ಬಾಸ್ಕಂ ಅನ್ನೋ ರೆಕಾರ್ಡು ಕಂಪನಿಯವನು ಹಾಡಿಸಿದ್ದು ವರ್ಡೀ ಕೈಲಿ, ಹೆಸರು ಹಾಕೋಕೆ ಹೊರಟಿದ್ದು ತಾನು ಇಟ್ಕೊಂಡಿದ್ದೋಳದ್ದು. ವರ್ಡೀ ಬಿಡಲಿಲ್ಲ. ಅಚ್ಚು ಹಾಕೋ ಜಾಗಕ್ಕೇ ಹೋಗಿ, ಕೂಗಾಡಿ, ತನ್ನ ಹೆಸರೇ ಹಾಕಿಸಿದಳು. ಒಂದು ಡಬ್ಬ ರೆಕಾರ್ಡು ಹೊತ್ಕೊಂಡು, ದಾರೀಲಿ ಒಂದನ್ನ ಯಾರಿಗೋ ಕೊಟ್ಟು, ಮನೆಗೆ ಬರ್ತಿದ್ದಳು. ಲಾಂಜೊಗೆ ಸಿಕ್ಕಿದ್ದು ಆ ಒಂದೇ ಇರಬೇಕು. ಬಾಸ್ಕಂ ಆ ಚರ್ಚಿನ ಹತ್ರ ಅಡ್ಡಹಾಕಿದ. ಜುಟ್ಟು ಹಿಡಿದು ಬಾವಿಕಟ್ಟೆಗೆ ಚಚ್ಚಿದ. ರೆಕಾರ್ಡಿನ ಜೊತೆ ಅವಳನ್ನೂ ಒಳಗೆ ತಳ್ಳಿದ. ಇನ್ನೂ ಜೀವ ಇತ್ತು.

"ಹೆಣ ಮೇಲೆ ಎತ್ತಿದಾಗ ಕೈಯಲ್ಲಿ ಒಂದು ಉಗುರೂ ಇರಲಿಲ್ಲ ಮಗಾ. ಇಟ್ಟಿಗೆ ಕೆರೆದೂ ಕೆರೆದೂ..." ಅಂದಳಂತೆ ಓಜೆಲ್ಲಾ. ಆಮೇಲೆ ಕನ್ನಡಕ ಹಾಕ್ಕೊಂಡಳು. "ಅವಳ ಹೆಸರು ಅಚ್ಚಾಗಿದ್ದನ್ನ ನಾನು ನೋಡೇ ಇಲ್ಲ. ಕೊಡು... ಸಾಯೋದ್ರೊಳಗೆ ಒಂದ್ಸಲ ಓದ್ತೀನಿ."

ಲಾಂಜೊ ಏನ್ ಮಾಡ್ತಾನೆ? ಕೊಟ್ಟ.

"ಡಾಟಿ ಲಾರ್ಕ್... ಇವಳ್ಯಾರು?"

ಇವನು ತೊದಲಿದ. ನೀರು, ಬ್ಲೇಡು, ಕಸುಬು ಅಂತ ಏನೇನೋ ಹೇಳ್ದ. ಮುದುಕಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಗೌನಿನ ಅಂಚಲ್ಲಿ ಒರೆಸ್ತಾ ಕೂತಳಂತೆ. "ಕತ್ತಲಾಯ್ತು. ಇಲ್ಲೇ ಮಲಗು ಮಗಾ. ಬಾವಿ ಕಡೆ ಹೋಗ್ಬೇಡ."

ನಾಚಿಕೆ ಅವನನ್ನ ಕೂರೋಕೆ ಬಿಡಲಿಲ್ಲ. ಹೊರಟ.

ಈಗ ಕೇಳಿ.

ಚಪ್... ಚಪ್... ನಿಂತ್ರೆ ಅದೂ ನಿಲ್ಲುತ್ತೆ. ಬಾವಿ ಹತ್ರ ಬಂದಾಗ ಬೂಟಿನ ಸದ್ದು ಹೋಯ್ತು, ಇನ್ನೊಂದು ಸದ್ದು ಬಂತು. ಸರ್ರ್... ಸರ್ರ್... ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ನೆಂದ ಕಾಗದ ಕೆರೆಯೋ ಸದ್ದು.

ಕಿವಿ ಪಕ್ಕದಲ್ಲೇ ಪಿಸುಮಾತು. "ನಾನ್ಯಾರು?"

ಇವನು ರೆಕಾರ್ಡನ್ನ ಇನ್ನೂ ಗಟ್ಟಿಯಾಗಿ ಎದೆಗೆ ಒತ್ತಿಕೊಂಡ.

"ಹೇಳು... ನಾನ್ಯಾರು?"

ಒಂದೇ ಒಂದು ಹೆಸರು ಹೇಳಿದ್ರೆ ಮುಗೀತಿತ್ತು. ಆದ್ರೆ ಎರಡು ವರ್ಷ ದಿನಾ ಅದೇ ಸುಳ್ಳು ಹೇಳಿ ಹೇಳಿ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು. ಭಯದಲ್ಲಿ ಅದೇ ಬಂತು.

"ಡಾಟಿ... ಡಾಟಿ ಲಾರ್ಕ್."

ಜುಟ್ಟು ಹಿಡಿದು ಎಳೀತು. ಬಾವಿಕಟ್ಟೆಗೆ ಮುಖ ಬಡೀತು, ಥಡ್! ಮುಂದಿನ ಹಲ್ಲು ಉದುರಿದವು. ಇನ್ನೊಂದ್ಸಲ, ಥಡ್! ಮೂಗು ಪುಡಿಯಾಯ್ತು. ನೆಲಕ್ಕೆ ಕೆಡವಿ ಎದೆ ಮೇಲೆ ಕೂತ್ಕೊಂಡಿತು. ತಣ್ಣಗೆ ನೀರು ಸುರೀತಿತ್ತಂತೆ, ಬಾಯಿಗೆ, ಕಣ್ಣಿಗೆ. ಆಮೇಲೆ ಅವನ ತೋಳು ಎಳ್ಕೊಂಡು ಹಚ್ಚೆ ಕೆರೆಯೋಕೆ ಶುರು ಮಾಡ್ತು. ಉಗುರಿಲ್ಲದ ಬೆರಳು. ಬರೀ ಮೂಳೆ. ಸರ್ರ್... ಸರ್ರ್... ಚರ್ಮ ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಅವನು ಕಿರುಚಿದಷ್ಟೂ ಅದು ನಿಧಾನವಾಗಿ, ಅಚ್ಚುಕಟ್ಟಾಗಿ ಕೆರೀತು. ಥೇಟ್ ಅವನು ನನ್ನ ಸಿಂಕಿನಲ್ಲಿ ಕೆರೆದ ಹಾಗೆ.

ಬೆಳಿಗ್ಗೆ ಓಜೆಲ್ಲಾ ಪಕ್ಕದ ಮನೆಯವನು ಅವನನ್ನ ಟ್ರಕ್ಕಿನಲ್ಲಿ ಹಾಕ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ. ನಾನು ಮೆಂಫಿಸ್‌ನಿಂದ ಓಡಿಹೋದೆ. ತೋಳಲ್ಲಿ ದುಂಡಗೆ ಮಾಂಸ ಕಾಣ್ತಿತ್ತು. ಪಕ್ಕೆಲುಬು ಮುರಿದಿದ್ವು. ಎದೆ ಮೇಲಿದ್ದ ರೆಕಾರ್ಡಿಗೆ ಮಾತ್ರ ಒಂದು ಗೀರೂ ಇಲ್ಲ. ಆ ಬಿಳೀ ಕಾಗದ ಹೋಗಿತ್ತು, ಅಷ್ಟೆ.

ಪೊಲೀಸರು ಕುಡುಕರ ಹೊಡೆದಾಟ ಅಂದ್ರು. ಅನ್ನಲಿ.

ಆಸ್ಪತ್ರೇಲಿ ರೋಗಿ ಹೆಸರು ಬರೆದು ಮಣಿಕಟ್ಟಿಗೆ ಪಟ್ಟಿ ಕಟ್ತಾರಲ್ಲ? ಲಾಂಜೊ ಅಂತ ಬರೆದು ಕಟ್ಟಿದ್ರು. ಬೆಳಗಾಗೋದ್ರೊಳಗೆ ಖಾಲಿ, ಒದ್ದೆ. ಇನ್ನೊಂದು ಕಟ್ಟಿದ್ರು. ಅದೂ ಖಾಲಿ.

"ಏನ್ರೀ, ಇದನ್ನ ತೊಳೀತೀರಾ?" ಅಂತ ನರ್ಸು ನನ್ನ ಮೇಲೇ ರೇಗಿದಳು. ಮೂರನೇದು ಕಟ್ಟಿದ ರಾತ್ರಿ ನಾನು ರೆಪ್ಪೆ ಮುಚ್ಚಲಿಲ್ಲ. ಕೋಣೇಲಿ ನಾವಿಬ್ರೇ. ಸರ್ರ್... ಸರ್ರ್... ನನ್ನ ಕಣ್ಣೆದುರಿಗೇ ಅಕ್ಷರ ಒಂದೊಂದಾಗಿ ಹೋಯ್ತು. ಲಾಂಜೊ ಮಗುವಿನ ಹಾಗೆ ಅಳ್ತಿದ್ದ. ಪಟ್ಟಿ ಮುಗಿದ ಮೇಲೆ ಸದ್ದು ಮುಂದಕ್ಕೆ ಹೋಯ್ತು. ಅವನ ಗಾಯವಿಲ್ಲದ ಆ ತೋಳಿನ ಮೇಲೆ ಒಂದು ಗೀರು ಬಿತ್ತು. ರಕ್ತ.

ನರ್ಸನ್ನ ಕೂಗಿ ಕರೆದೆ. ಹಲ್ಲಿಲ್ಲದ ಬಾಯಲ್ಲಿ ಲಾಂಜೊ ಅಂದ, "ವರ್ಡೀ... ವರ್ಡೀ ಗಾಸೆಟ್ ಅಂತ ಬರೀರಿ."

"ಅದು ಹೆಂಗಸಿನ ಹೆಸರಲ್ವಾ?"

"ಬರೀರಿ... ದಮ್ಮಯ್ಯ."

"ಬರಿಯಮ್ಮಾ, ಪ್ರಶ್ನೆ ಆಮೇಲೆ!" ಅಂತ ನಾನೂ ಗದರಿದೆ. ಬರೆದಳು.

ಸದ್ದು ನಿಂತಿತು.

ಎರಡು ದಿನ ಬಿಟ್ಟು ಓಜೆಲ್ಲಾ ಬಂದಳು. ಮಂಚದ ಪಕ್ಕ ಕೂತು, ಕನ್ನಡಕ ಹಾಕ್ಕೊಂಡು, ಅವನ ಕೈ ಎತ್ತಿ ಹಿಡಿದು ಆ ಪಟ್ಟಿ ಓದಿದಳು. ಒಂದೊಂದೇ ಅಕ್ಷರ. ಆಮೇಲೆ ಕೈ ಬಿಡಲೇ ಇಲ್ಲ. ನಾನು ಗೋಡೆ ಕಡೆ ತಿರುಗಿ ಅತ್ತೆ.

ಅವನನ್ನ ಮನೆಗೆ ಕಳಿಸೋ ದಿನ ಆ ಪಟ್ಟಿ ಕತ್ತರಿಸಿ ರೆಕಾರ್ಡಿನ ನಡುವೆ ಅಂಟಿಸಿದ್ದು ನಾನೇ. ರೆಕಾರ್ಡು ಈಗ ಓಜೆಲ್ಲಾ ಮನೇಲಿದೆ. ನಂಬಿ, ಬಿಡಿ. ಮಾಮೂಲಿ ಪೆನ್ನಿನ ಶಾಯಿ ಅದು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದೀನಿ... ಹೋಗಲ್ಲ.