ತಗ್ಗಿದ ಸೀಟು

ಮಳೆ ಹಿಡಿದ ಸಂಜೆ. ಸೀಟು ಹೊಲಿಯುವ ಅಜ್ಜಿಯ ಅಂಗಡಿಯಲ್ಲಿ ಶಟರನ್ನು ಅರ್ಧಕ್ಕೆ ಎಳೆದುಕೊಂಡು ಕೂತಿದ್ದೆವು: ಅಜ್ಜಿ, ಪಕ್ಕದ ಅಂಗಡಿಯ ವೆಲ್ಡರ್, ನಾನು. ಸುತ್ತ ರೆಕ್ಸಿನ್ ಚೂರು, ಸ್ಪಂಜು, ಗೋಂದಿನ ವಾಸನೆ. ನನ್ನ ತೊಡೆಯ ಮೇಲೆ ಅಪ್ಪನ ಹಳೇ ಮೋಟರ್‌ಸೈಕಲ್ಲಿನ ಸೀಟು, ಅಜ್ಜಿ ಆಗಷ್ಟೇ ಹೊಲಿದು ಕೊಟ್ಟದ್ದು. ಅಪ್ಪ ಸತ್ತ ಮೇಲೆ ಚಿಕ್ಕಪ್ಪನ ತೀರ್ಪು ಒಂದೇ: ಅಂಥ ಗಾಡಿ ಈಗ ಎಲ್ಲೂ ಸಿಗುವುದಿಲ್ಲ, ಓಡಿಸಕೂಡದು, ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಬೇಕು. ಗಾಜಿನವನು ಬೆಳಿಗ್ಗೆ ಬರುವವನಿದ್ದ. ಶಾಲೆಯಿಂದ ನನ್ನನ್ನು ಬಿಡಿಸಿದವನೂ ಇದೇ ಚಿಕ್ಕಪ್ಪ, ತನ್ನ ಗೋದಾಮಿನ ಬಾಗಿಲಲ್ಲಿ ಕಾವಲಿಗೆ ತಂದು ನಿಲ್ಲಿಸಿದವನೂ ಇವನೇ. ಈಗ ಗಾಡಿಯನ್ನೂ ನಿಲ್ಲಿಸುತ್ತಾನಂತೆ.

"ಆ ಗಾಜನ್ನ ಅವನ ತಲೆ ಮೇಲೇ ಒಡೀತೀನಿ" ಎಂದೆ.

"ಮೊದ್ಲು ಸೀಟು ಕೆಳಗಿಡು. ನಾನು ಹೊಲಿದಿದ್ದನ್ನ ಉಗುರಲ್ಲಿ ಬಿಚ್ತಿದ್ದೀಯ" ಎಂದಳು ಅಜ್ಜಿ.

ವೆಲ್ಡರ್ ನಕ್ಕ. "ಅಜ್ಜಿ, ಇವನಿಗೆ ಅಜ್ಜನ ಕತೆ ಹೇಳ್ಬಿಡು. ಬಿಸಿ ಕಬ್ಬಿಣ, ಸ್ವಲ್ಪ ತಣ್ಣಗಾಗ್ಲಿ."

ಅಜ್ಜಿ ಸೂಜಿಯನ್ನು ರೆಕ್ಸಿನ್ನಿಗೆ ಚುಚ್ಚಿಟ್ಟು ಕಾಲು ಮಡಚಿ ಕೂತಳು.

"ಕೇಳ್ರಪ್ಪಾ ಹಾಗಾದ್ರೆ... ನನ್ ಯಜಮಾನ್ರು ಸೀಟು ಹೊಲಿಯೋದ್ರಲ್ಲಿ ಎತ್ತಿದ ಕೈ. ಅವರದ್ದೊಂದು ನೇಮ ಇತ್ತು... ಎಂಥಾ ಸೀಟೇ ಆಗ್ಲಿ, ಯಾರ ಗಾಡೀದೇ ಆಗ್ಲಿ, ಹೊಲಿದು ಕೂರ್ಸಿದ ಮೇಲೆ ತಾವೊಂದ್ಸಲ ಅದರ ಮೇಲೆ ಕೂತು, ಎದ್ದು, ಆಮೇಲೇ ಕೊಡೋದು. 'ಕೂತು ನೋಡದೆ ಕೊಟ್ರೆ ಅದು ಸೀಟಲ್ಲ ಕಣೇ, ದಿಂಬು' ಅನ್ನೋರು.

"ಒಂದಿನ ದೊಡ್ಡ ಮನೆಯಿಂದ ಕರೆ ಬಂತು. ಅಲ್ಲಿ ಅಣ್ಣ ತಮ್ಮ ಇಬ್ರು. ಅಣ್ಣ ಗಾಡಿ ಹುಚ್ಚ, ಜ್ವರ ಬಂದು ತೀರ್ಕೊಂಡಿದ್ದ. ತಮ್ಮ ಏನ್ಮಾಡ್ದ? ಅಣ್ಣನ ಗಾಡೀನ ಮುಂದಿನ ಕೋಣೇಲಿ ನಿಲ್ಸಿ, ಪೆಟ್ರೋಲು ಇಳ್ಸಿ, ಹೊದಿಕೆ ಹೊದ್ಸಿ, ಬಾಗ್ಲಿಗೆ ಬೀಗ ಹಾಕಿ... ದಿನಾ ಒರ್ಸೋದು, ಮತ್ತೆ ಹೊದ್ಸೋದು. ಹಳೇ ಕಾಲದ ಗಾಡಿ ನೋಡಿ, ಮುಂದೆ ಓಡ್ಸೋನಿಗೊಂದು ಸೀಟು, ಹಿಂದೆ ಕೂರೋನಿಗೊಂದು, ಎರಡಕ್ಕೂ ಅಡೀಲಿ ಸ್ಪ್ರಿಂಗು. ಯಾರೂ ಕೂರದ ಗಾಡಿ, ಆದ್ರೂ ಮುಂದಿನ ಸೀಟು ತಗ್ಗೇ ಇತ್ತು... ಒಂದಾಳು ಕೂತ ಹಾಗೆ. ಅದನ್ನ ಸರಿ ಮಾಡೋಕೇ ನಮ್ಮನ್ನ ಕರ್ಸಿದ್ದು. ಇವರು ಹೊಸ ಸ್ಪ್ರಿಂಗು ಹಾಕಿ ಹೊಲಿದ್ರು, ನಾನೂ ದಾರ ಹಿಡ್ಕೊಂಡು ಪಕ್ಕದಲ್ಲೇ ಇದ್ದೆ, ಕಣ್ಣೆದುರಿಗೇ ಅದೂ ಮೆಲ್ಲಗೆ ಇಳೀತು.

"'ಸ್ವಾಮಿ, ಒಂದ್ಸಲ ಓಡ್ಸಿಬಿಡಿ, ಕೂತಿರೋರು ಇಳ್ಕೊಂಡು ಹೋಗ್ಲಿ' ಅಂದ್ರು ಇವರು. 'ಓಡ್ಸಿದ್ರೆ ಅಣ್ಣ ಬಿಟ್ಟುಹೋದ ಹಾಗೇ ಉಳಿಯಲ್ಲ, ನಿಮ್ಮ ಕೆಲ್ಸ ನೋಡಿ' ಅಂದ ಆ ತಮ್ಮ. ಸರಿ... ಕೆಲ್ಸ ಮುಗೀತು. ನೇಮ ಬಿಡೋಕಾಗತ್ತಾ? ಇವರು ಕಾಲೆತ್ತಿ ಹಾಕಿ ಕೂತ್ಬಿಟ್ರು.

"ಆಗ ಆಯ್ತು ನೋಡಿ... ಯಾರೋ ಇಳಿದ ಹಾಗೆ ಗಾಡಿ ಸ್ಟ್ಯಾಂಡಿನ ಮೇಲೆ ಅಲ್ಲಾಡ್ತು, ಬಾಗ್ಲು ತಾನಾಗೇ ತೆರ್ಕೊಂಡ್ತು, ಬರಿಗಾಲಿನ ಸಪ್ಪಳ ಮೆಟ್ಲಿಳಿದು ಬೀದಿಗೆ ಹೋಯ್ತು. ಇವರು ಏಳೋಕೆ ಹೋದ್ರು. ಆಗ್ಲಿಲ್ಲ. 'ಲೇ, ಕೈ ಕೊಡೇ' ಅಂದ್ರು, ಮೊದ್ಲು ನಗ್ತಾನೇ ಅಂದ್ರು. ನಾನು ಎಳ್ದೆ, ಆ ತಮ್ಮನೂ ಎಳ್ದ, ಎಳೀತಾ ಎಳೀತಾ ಅವನ ಬಾಯಲ್ಲಿ ಏನ್ ಬಂತು ಗೊತ್ತಾ? 'ಮೆಲ್ಲಗೆ, ಟ್ಯಾಂಕಿಗೆ ಗೀರು ಬೀಳತ್ತೆ!'

"ನಾನು ಅವನ ಕಾಲಿಗೆ ಬಿದ್ದೆ. ನೂಕಿಯಾದ್ರೂ ನೂಕಪ್ಪಾ, ಬೀದಿವರೆಗಾದ್ರೂ ಚಕ್ರ ಉರುಳ್ಲಿ ಅಂದೆ. ಅವನು ಯೋಚ್ನೆ ಮಾಡ್ದ. ನಿಜವಾಗ್ಲೂ ನಿಂತು ಯೋಚ್ನೆ ಮಾಡ್ದ ಕಣೋ... ಈ ಕಡೆ ಒಬ್ಬ ಮನುಷ್ಯ, ಆ ಕಡೆ ಮಣ್ಣು ಸೋಕದ ಟೈರು. ಆಮೇಲೆ ಹೊದಿಕೆ ತಂದು ಇವರ ತಲೆ ಮೇಲಿಂದ ಎಳ್ದ. 'ನಾಳೆ ನೋಡೋಣ' ಅಂದ. ನಾನು ಚೀರ್ಕೊಂಡು ಆ ಹೊದಿಕೆ ಕಿತ್ತೆ... ಒಳಗೆ ಯಾರೂ ಇರ್ಲಿಲ್ಲ. ಸೀಟು ತಗ್ಗೇ ಇತ್ತು."

ನಾನು ಎದ್ದು ನಿಂತಿದ್ದೆ. "ನಾನಾಗಿದ್ರೆ ಆ ಬಾಗ್ಲು ಮುರಿದು ಓಡಿಸ್ಕೊಂಡು ಬರ್ತಿದ್ದೆ!"

ಅಜ್ಜಿ ನನ್ನನ್ನೇ ನೋಡಿದಳು. "ಕೂತ್ಕೋ... ಬೀದಿಯೋರು ಏನಂದ್ರು? ಗಂಡ ಬಿಟ್ಟು ಓಡಿಹೋದ ಅಂದ್ರು. ಗಾಡಿ ಕೈಯಿಂದ ಕೈಗೆ ಹೋಯ್ತು, ಕೊಂಡೋರೆಲ್ಲ ಅದೇ ಜಾತಿ... ಒರ್ಸೋರು, ಓಡ್ಸೋರಲ್ಲ. ಈಗ್ಲೂ ಹಳೇ ಗಾಡಿಗಳ ಪ್ರದರ್ಶನದಲ್ಲಿ ಹಗ್ಗ ಕಟ್ಟಿ ನಿಲ್ಸ್ತಾರೆ. ನಾನು ಹೋಗಿ ಹಗ್ಗದ ಈಚೆ ನಿಂತು 'ರೀ' ಅಂತೀನಿ. ಸ್ಪ್ರಿಂಗು ಕಿರ್ ಅನ್ನತ್ತೆ."

ವೆಲ್ಡರ್ ಈಗ ನಗುತ್ತಿರಲಿಲ್ಲ. ನಾನು ಅಪ್ಪನ ಸೀಟನ್ನು ಎದೆಗವಚಿಕೊಂಡೆ. ಈಗಲೇ ಹೋಗಿ ಕೂರಿಸುತ್ತೇನೆ, ಗಾಜಿನವನು ಬರುವಷ್ಟರಲ್ಲಿ ಗಾಡಿಯೂ ನಾನೂ ಆ ಮನೆಯಲ್ಲಿರುವುದಿಲ್ಲ ಎಂದೆ. ಆ ಪ್ರದರ್ಶನ ಎಲ್ಲಿ ನಡೆಯುತ್ತದೆ ಹೇಳು, ನಿನ್ನ ಗಂಡನನ್ನೂ ಬಿಡಿಸಿಕೊಂಡೇ ಹೋಗುತ್ತೇನೆ ಎಂದೂ ಅಂದೆ.

ಅಜ್ಜಿ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು.

"ನಿನ್ ಗಾಡಿ ಓಡ್ಸು, ಹೋಗು, ಯಾರು ಅಡ್ಡ ಬಂದ್ರೂ ನಿಲ್ಬೇಡ. ಅಲ್ಲಿಗೆ ಮಾತ್ರ ಹೋಗ್ಬೇಡ ಕಣೋ, ಕೈ ಮುಗೀತೀನಿ... ಮೊನ್ನೆ ಹೋದಾಗ ಮುಂದಿನ ಸೀಟು ಮೇಲೆದ್ದಿತ್ತು. ಅಂತೂ ಬಿಡುಗಡೆ ಆಯ್ತಲ್ಲಾ ಅಂತ ಅತ್ತೇಬಿಟ್ಟೆ. ಕಣ್ಣೊರೆಸ್ಕೊಂಡು ನೋಡ್ತೀನಿ, ಹಿಂದಿನ ಸೀಟು ತಗ್ಗಿದೆ! ನಮ್ಮ ಯಜಮಾನ್ರಿಗೆ ಗಾಡಿ ಓಡ್ಸೋಕೆ ಬರಲ್ಲ ಕಣೋ, ಜೀವಮಾನದಲ್ಲಿ ಕಲೀಲೇ ಇಲ್ಲ... ಈಗ ಹಿಂದಕ್ಕೆ ಸರಿದು, ಓಡ್ಸೋನಿಗೆ ಮುಂದೆ ಜಾಗ ಬಿಟ್ಕೊಂಡು ಕೂತಿದಾರೆ."