ಹಿಮಾಲಯಕ್ಕಿಂತ ಹಿರಿಯ ಬಂಡೆ

ಶಾಲಾ ಕಮಿಟಿಯ ಅಧ್ಯಕ್ಷರಾದ ನೀಲಕಂಠಸ್ವಾಮಿಯವರೇ, ಹೆಡ್‌ಮೇಷ್ಟ್ರೇ, ಬಿಸಿಲಲ್ಲಿ ಕುಳಿತಿರುವ ಮಕ್ಕಳೇ, ನೆರಳು ಹಿಡಿದು ಕುಳಿತಿರುವ ದೊಡ್ಡವರೇ, ಸಭಿಕರೇ,

ಭಾಷಣ ಬರೆದೇ ತರಬೇಕೆಂದು ಹೆಡ್‌ಮೇಷ್ಟ್ರು ಹಟ ಹಿಡಿದರು. ಬಾಯಲ್ಲೇ ಹೇಳುತ್ತೇನೆ ಎಂದರೆ, “ಬ್ಯಾಡಿ ಸಣ್ಣಬೀರಯ್ಯನೋರೆ, ನೀವು ಬಾಯಿ ಬುಟ್ರೆ ಯಾರ್ನಾರ ಬಯ್ತೀರಿ” ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಬರೆದುಕೊಂಡು ಬಂದೂ ಬಯ್ಯಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ.

ದಸರಾ ರಜೆಯಲ್ಲಿ ಕೇದಾರಕ್ಕೆ ಹೋಗಿಬಂದೆನೆಂದು ಶಾಲು ಹೊದಿಸಿದ್ದೀರಿ. ಹೋದದ್ದು ದೇವರನ್ನು ನೋಡಲು, ನೋಡಿದ್ದು ಕಲ್ಲನ್ನು. ಐವತ್ತು ವರ್ಷ ಕಲ್ಲು ಕುಟ್ಟಿದವನ ಕಣ್ಣು ಬೇರೆಲ್ಲಿಗೆ ಹೋದೀತು? ಏನು ಎತ್ತರ, ಏನು ಬಿಳುಪು! ನಮ್ಮ ಬ್ರಹ್ಮಗಿರಿಯಂಥ ನಾಲ್ಕನ್ನು ಒಂದರ ಮೇಲೊಂದು ಪೇರಿಸಿದರೂ ಆ ಶಿಖರಗಳ ಹೆಗಲಿಗೆ ಬರುವುದಿಲ್ಲ. ಆದರೆ ದಾರಿ ಬದಿಯ ಬಂಡೆಗೆ ಒಂದು ಏಟು ಹಾಕಿದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ನನ್ನ ಹೆಂಡತಿ ಸಣ್ಣತಾಯಮ್ಮ, “ಇದ್ರಲ್ಲಿ ಒಂದ್ ಒಳ್ಕಲ್ಲೂ ಆಗಕಿಲ್ಲ. ಇದ ನೋಡಕ್ಕಾ ಇಷ್ಟ್ ದೂರ ಬಂದ್ರಿ?” ಎಂದು ನಕ್ಕಳು.

ಜೊತೆಗೆ ಬಂದಿದ್ದ ನಮ್ಮ ಶಾಲೆಯ ವಿಜ್ಞಾನದ ಟೀಚರ್ ಸಂಘಮಿತ್ರ ಆಗ ಹೇಳಿದರು: “ಇದು ಎಳೇ ಬೆಟ್ಟ ತಾತ. ಇಲ್ಲೆಲ್ಲ ಸಮುದ್ರ ಇತ್ತು. ನಮ್ಮ ಕಡೆ ನೆಲ ಬಂದು ಗುದ್ದಿ, ಇದು ಏಳಕ್ಕೆ ಶುರುವಾಗಿ ಐದು ಕೋಟಿ ವರ್ಷ ಆಯ್ತು ಅಷ್ಟೆ. ಇನ್ನೂ ಬೆಳೀತಾ ಅದೆ.”

“ಐದು ಕೋಟಿ ಎಳೇದಾ? ಅಂಗಾರೆ ಮುದಿ ಯಾವ್ದವ್ವ?”

“ನಮ್ಮೂರ ಹಾಸುಬಂಡೆ. ಅದರ ಕಲ್ಲಿಗೆ ಮುನ್ನೂರು ಕೋಟಿ.”

ಸಭಿಕರೇ, ಕೈಲಿದ್ದ ಚಕ್ಕೆಯನ್ನು ಅಲ್ಲೇ ಕೆಳಗಿಟ್ಟೆ. ಯಾಕೆ? ಯಾತ್ರೆಗೆ ಹೊರಡುವ ಹಿಂದಿನ ವಾರ, ಆ ಬಂಡೆ ಒಡೆಯಲು ನಾನೇ ಒಪ್ಪಿದ್ದೆ. ಅಲ್ಲಿ ಶಾಲೆಗೆ ರಂಗಮಂದಿರ ಕಟ್ಟುತ್ತೇವೆ, ನಿಮ್ಮ ಹೆಸರಿಡುತ್ತೇವೆ ಎಂದಿರಿ. ಹಿರಿಯನು ಮೊದಲ ಪೆಟ್ಟು ಹಾಕದೆ ನಮ್ಮ ಕಲ್ಲಿನವರು ಯಾರೂ ಊರ ಬಂಡೆಗೆ ಸುತ್ತಿಗೆ ಎತ್ತುವುದಿಲ್ಲ. ಅದು ನಮ್ಮ ಕಟ್ಟಳೆ; ಈಗ ಆ ಹಿರಿಯ ನಾನೇ. ಪೆಟ್ಟು ನನ್ನದೇ ಎಂದು ಬಂಡೆಯ ಮೇಲೆ ಎಲೆ ಅಡಿಕೆ ಇಟ್ಟು ಮಾತು ಕೊಟ್ಟೆ. ಹೆಸರಿನ ಆಸೆ, ಸುಳ್ಳು ಯಾಕೆ ಹೇಳಲಿ?

ಆ ಬಂಡೆ ಇಲ್ಲದಿದ್ದರೆ ಊರ ಹೆಂಗಸರು ರಾಗಿ ಎಲ್ಲಿ ಒಣಗಿಸಬೇಕು, ಹುರುಳಿ ಎಲ್ಲಿ ಬಡಿಯಬೇಕು? ನಿಮ್ಮ ತಲೆಯ ಮೇಲಾ? ಸಣ್ಣತಾಯಮ್ಮನನ್ನು ನಾನು ಮೊದಲು ಕಂಡದ್ದೂ ಅಲ್ಲೇ. ರಾಗಿ ತೂರುತ್ತಿದ್ದಳು. ಹೊಟ್ಟು ಕಣ್ಣಿಗೆ ಬಿದ್ದು ಬಯ್ದೆ. “ಗಾಳಿ ನಮ್ಮಪ್ಪಂದಾ? ಕಣ್ ಮುಚ್ಕೊಂಡ್ ಓಗ್ಲಾ” ಎಂದಳು. ಮುಚ್ಚಿಕೊಳ್ಳಲಿಲ್ಲ, ಮದುವೆಯಾದೆ. ಇದನ್ನು ಓದಬೇಡಿ ಎಂದಿದ್ದಳು; ಓದಿಬಿಟ್ಟೆ.

ಕೊಟ್ಟ ಮಾತನ್ನು ಈ ಮೈಕಿನ ಮುಂದೆ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಪೆಟ್ಟು ನಾನು ಹಾಕುವುದಿಲ್ಲ. ಮಷೀನು ತರಿಸುತ್ತೀರಾ? ತರಿಸಿ, ಬಂಡೆಯ ಮೇಲೆ ಚಾಪೆ ಹಾಸಿ ಮಲಗುತ್ತೇನೆ. ರಂಗಮಂದಿರವನ್ನು ಬೋರ್‌ವೆಲ್ ಪಕ್ಕದ ಖಾಲಿ ಜಾಗದಲ್ಲಿ ಕಟ್ಟಿ. ಹೆಸರು ಅಧ್ಯಕ್ಷರದ್ದೇ ಇಡಿ, ಅವರಿಗೂ ಆಸೆಯಿದೆ. ಮೆಟ್ಟಿಲುಗಳನ್ನು ನಾನು ಕೆತ್ತಿಕೊಡುತ್ತೇನೆ.

ಶಾಲಿಗೂ ಹಾರಕ್ಕೂ ಉಪಕಾರವಾಯಿತು. ಬಂಡೆ ಉಳಿಯುತ್ತದೋ ಇಲ್ಲವೋ, ಕಮಿಟಿಯವರು ನವೆಂಬರ್ ಮೂವತ್ತರೊಳಗೆ ನನ್ನ ಮನೆಗೆ ಬಂದು ಹೇಳಬೇಕು. ಎಲ್ಲರಿಗೂ ನಮಸ್ಕಾರ. ಮೂವತ್ತರೊಳಗೆ.